ಕುಳ್ಳಿರಿಸುವ ಉಪಚಾರ

ತೀರ್ಥಹಳ್ಳಿಯ ಸಮೀಪದ ಅಡಕೆ ತೋಟದ ಮನೆಯೊಂದರಲ್ಲಿ 52 ವರ್ಷ ಸಂಸಾರ ನಡೆಸಿದ ನನ್ನ ಚಿಕ್ಕಮ್ಮ, ಚಿಕ್ಕಪ್ಪನವರ ದೇಹಾಂತವಾದ ಬಳಿಕ ಮಗನ ಆಗ್ರಹಕ್ಕೆ ಮಣಿದು ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ ಮೂರನೆಯ ಅಂತಸ್ತಿಗೆ ಬಂದು ನೆಲೆಸಿದಾಗ ಅವರಿಗೆ 76 ತುಂಬಿತ್ತು. ಮಗ ಸಾತ್ವಿಕ, ಸೊಸೆಯಂತೂ ಅವನಿಗಿಂತಲೂ ಮೃದುಸ್ವಭಾವದವಳು. ಬಂದ ಮರುದಿನ ಬೆಳಗ್ಗೆ ಚಿಕ್ಕಮ್ಮ ಅಭ್ಯಾಸಬಲದಿಂದ ಪೊರಕೆಗೆ ಕೈಯಿಕ್ಕಿದರೆ, ಆಕೆ ಓಡಿಬಂದು ಅದನ್ನು ಕಸಿದುಕೊಂಡು, “ಅತ್ತೆ, ಇಷ್ಟು ವರ್ಷ ದುಡಿದದ್ದು ಸಾಲದೆ? ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ” ಎಂದಳಂತೆ. ಆ ಮಾತಿನಲ್ಲಿ ಕಪಟದ ಲವಲೇಶವೂ ಇರಲಿಲ್ಲವೆಂಬುದನ್ನು ನಾನು ಬಲ್ಲೆ. ಚಿಕ್ಕಮ್ಮ ಕುಳಿತರು. ಒಂದೂವರೆ ವರ್ಷದ ತರುವಾಯ ನಾನು ಅವರನ್ನು ನೋಡಹೋದಾಗ, ಸೋಫಾದಿಂದ ಏಳುವುದಕ್ಕೆ ಅವರು ಎರಡು ಕೈಗಳನ್ನೂ ಊರಿ, ದೋಣಿಯನ್ನು ನೀರಿಗೆ ನೂಕುವವರಂತೆ ಮೈಯನ್ನು ಎರಡು ಮೂರು ಬಾರಿ ಮುಂದಕ್ಕೆ ತೂಗಿ, ಕೊನೆಗೆ ಮೊಮ್ಮಗನ ಭುಜವನ್ನು ಹಿಡಿಯಬೇಕಾಯಿತು. ಇದೇ ಹೆಂಗಸು ಎರಡು ವರ್ಷದ ಹಿಂದೆ ಅಟ್ಟದ ಏಣಿಯನ್ನೇರಿ ಅಪ್ಪೆಮಿಡಿಯ ಭರಣಿಯನ್ನು ಇಳಿಸಿಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

“ವಯಸ್ಸಾಯಿತಲ್ಲ” ಎಂಬುದು ಮನೆಯವರ ಏಕಾಭಿಪ್ರಾಯ. ಚಿಕ್ಕಮ್ಮನ ಅಭಿಪ್ರಾಯವೂ ಅದೇ. ವಯಸ್ಸು ನಿರಪರಾಧಿಯೆಂದು ವಾದಿಸಲು ನಾನು ಹೊರಟಿಲ್ಲ. ಐವತ್ತು ದಾಟಿದವರಲ್ಲಿ ಸ್ನಾಯುರಾಶಿಯು ವರ್ಷಕ್ಕೆ ಶೇಕಡಾ 1ರಿಂದ 2ರಷ್ಟು ಕರಗುತ್ತ ಹೋಗುವುದೆಂದೂ, ಬಲವು ರಾಶಿಗಿಂತಲೂ ತ್ವರಿತವಾಗಿ ಕುಂದುವುದೆಂದೂ ಶರೀರಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ; 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಈ ಕ್ಷಯಕ್ಕೆ ಗ್ರೀಕ್ ಮೂಲದಿಂದ ‘ಸಾರ್ಕೊಪೀನಿಯ’ ಎಂದು, ಅಂದರೆ ಮಾಂಸದ ದಾರಿದ್ರ್ಯವೆಂದು, ನಾಮಕರಣ ಮಾಡಿದರು. ಸ್ತ್ರೀಯರ ಬಂಡವಾಳ ಮೊದಲೇ ಕಡಿಮೆಯಾದುದರಿಂದ ದಿವಾಳಿಯ ಗೆರೆಯನ್ನು ಅವರು ಬೇಗ ಮುಟ್ಟುತ್ತಾರೆ. ಮುಟ್ಟು ನಿಂತ ಬಳಿಕ ಈಸ್ಟ್ರೋಜನ್ ಇಳಿಯುವುದರಿಂದ ಮೂಳೆಯ ಸವೆತವೂ ಅದಕ್ಕೆ ಜೊತೆಗೂಡುತ್ತದೆ. ಇಷ್ಟೆಲ್ಲ ನಿಜ. ಆದರೆ ಇದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ಲೆಕ್ಕವುಂಟು. ಆರೋಗ್ಯವಂತರಾದ ಕೆಲವರು ಹಿರಿಯರನ್ನು ಕೇವಲ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಮೆರಿಕದ ಪ್ರಯೋಗವೊಂದರ ವರದಿ 2007ರಲ್ಲಿ ಪ್ರಕಟವಾಯಿತು. ಆ 10 ದಿನಗಳಲ್ಲಿ ಅವರ ಕಾಲುಗಳಿಂದ ಕರಗಿಹೋದ ಕೊಬ್ಬುರಹಿತ ದ್ರವ್ಯ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ. ವಯಸ್ಸು ವರ್ಷಗಳಲ್ಲಿ ಮಾಡುವುದನ್ನು ನಿಶ್ಚಲತೆ ದಿನಗಳಲ್ಲಿ ಮಾಡಬಲ್ಲುದು. ಚಿಕ್ಕಮ್ಮ ಹಾಸಿಗೆ ಹಿಡಿದವರಲ್ಲ, ನಿಜ. ಆದರೂ ವಯಸ್ಸಿನ ಖಾತೆಗೆ ಬರೆದ ಸಾಲದಲ್ಲಿ ಒಂದು ಪಾಲು ಸೋಫಾದ ಖಾತೆಗೆ ಸೇರಬೇಕಾದದ್ದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಅವರು ಬಿಟ್ಟುಬಂದ ದಿನಚರಿಯಾದರೂ ಎಂತಹದು? ಬೆಳಕು ಹರಿಯುವ ಮುನ್ನವೇ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕಿ, ಅಂಗಳವನ್ನು ಗುಡಿಸಿ, ಸೆಗಣಿ ನೀರು ಚಿಮುಕಿಸಿ, ಕುಕ್ಕರಗಾಲಿನಲ್ಲಿ ಕುಳಿತು ರಂಗೋಲಿಯೆಳೆದು, ಕೊಟ್ಟಿಗೆಗೂ ಬಾವಿಕಟ್ಟೆಗೂ ಹಿತ್ತಲಿನ ಬಸಲೆ ಚಪ್ಪರಕ್ಕೂ ಹೋಗಿಬಂದು, ಈಳಿಗೆಮಣೆಯ ಮೇಲೆ ಕುಳಿತು ಕಾಯಿಪಲ್ಯ ಹೆಚ್ಚಿ, ನೆಲದಲ್ಲೇ ಎಲೆ ಹಾಕಿ ಬಡಿಸಿ, ತಾವೂ ನೆಲದಲ್ಲೇ ಕುಳಿತು ಉಂಡು, ಸಂಜೆ ತುಳಸಿಕಟ್ಟೆಗೆ ದೀಪವಿಟ್ಟು ಪ್ರದಕ್ಷಿಣೆ ಬರುವ ತನಕ ಅವರು ಎಷ್ಟು ಸಲ ಕುಳಿತರು, ಎಷ್ಟು ಸಲ ಎದ್ದರು ಎಂಬುದನ್ನು ಲೆಕ್ಕವಿಟ್ಟವರಿಲ್ಲ; ಇವುಗಳಲ್ಲಿ ಒಂದನ್ನಾದರೂ ಅವರು ‘ವ್ಯಾಯಾಮ’ವೆಂದು ಕರೆದದ್ದಿಲ್ಲ. ನೆಲದಿಂದ ಏಳುವುದೆಂದರೆ ತೊಡೆ, ಪೃಷ್ಠ, ಕಣಕಾಲು, ಸೊಂಟ ಇಷ್ಟೂ ಏಕಕಾಲಕ್ಕೆ ಒಪ್ಪಂದಕ್ಕೆ ಬಂದಾಗ ಮಾತ್ರ ಸಾಧ್ಯವಾಗುವ ಕಾರ್ಯ. ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಇದನ್ನೇ ಪರೀಕ್ಷೆಯನ್ನಾಗಿಸಿದರು. ನೆಲದಲ್ಲಿ ಕುಳಿತುಕೊಳ್ಳುವುದಕ್ಕೆ 5 ಅಂಕ, ಏಳುವುದಕ್ಕೆ 5 ಅಂಕ. ಕೈಯನ್ನೋ ಮಂಡಿಯನ್ನೋ ಊರಿದರೆ ಪ್ರತಿಯೊಂದಕ್ಕೆ ಒಂದಂಕ, ಓಲಾಡಿದರೆ ಅರ್ಧಾಂಕ ಕಳೆಯುವುದು. 51ರಿಂದ 80 ವರ್ಷದವರೆಗಿನ 2,002 ಮಂದಿಯನ್ನು ಹೀಗೆ ಪರೀಕ್ಷಿಸಿ, ಆರು ವರ್ಷಗಳಿಗೂ ಮಿಕ್ಕಿ ಅವರ ವೃತ್ತಾಂತವನ್ನು ಅನುಸರಿಸಿದಾಗ, ಕಡಿಮೆ ಅಂಕ ಪಡೆದವರಲ್ಲಿ ಮರಣದ ಪ್ರಮಾಣ ಗಣನೀಯವಾಗಿ ಹೆಚ್ಚೆಂದು ತಿಳಿದುಬಂದಿತು. ಇದರಿಂದ ನೆಲದಲ್ಲಿ ಕುಳಿತವರೆಲ್ಲ ದೀರ್ಘಾಯುಗಳೆಂದು ತೀರ್ಮಾನಿಸಲಾಗದು. ರೋಗವಿದ್ದವನೂ ಏಳಲಾರ, ಏಳಲಾರದವನೂ ರೋಗಿಯಾದಾನು. ಬಾಲ್ಯದಿಂದ ಈ ಪರೀಕ್ಷೆಯನ್ನು ದಿನವೂ ಪಾಸು ಮಾಡುತ್ತಿದ್ದ ಒಂದು ತಲೆಮಾರನ್ನು ನಾವು ಊಟದ ಮೇಜಿನ ಮುಂದೆ ಕೂರಿಸಿದೆವೆಂಬುದಂತೂ ಗಮನಾರ್ಹ.

ಇಲ್ಲಿಗೆ ಬಂದಾಗ ಒಳಕಲ್ಲಿನ ಕಾಲವನ್ನು ಹೊಗಳುವ ಪ್ರಲೋಭನೆ ಬರವಣಿಗೆಯವರಿಗೆ ಹುಟ್ಟುವುದುಂಟು. ನನಗೆ ಆ ಪ್ರಲೋಭನೆಯಿಲ್ಲ. ಬೀಸುವ ಕಲ್ಲನ್ನು ಮರಳಿ ತರಬೇಕೆನ್ನುವ ಮಹನೀಯರಲ್ಲಿ ಅದನ್ನು ತಾವೇ ಒಂದು ಗಂಟೆ ತಿರುವಿದವರನ್ನು ನಾನು ಕಂಡಿಲ್ಲ. ನನ್ನ ಅಜ್ಜಿ ಹೊಗೆಯಲ್ಲಿ ಕಣ್ಣು ಕಳೆದುಕೊಂಡು, ಒಂಬತ್ತು ಹೆತ್ತು, ಐವತ್ತೈದಕ್ಕೆ ಬಿಲ್ಲಿನಂತೆ ಬಾಗಿದ್ದರು; ಅವರದು ಶ್ರಮವೇ ಹೊರತು ಆರೋಗ್ಯವಲ್ಲ. ವಿಶ್ರಾಂತಿಯಿಲ್ಲದ, ಆಯ್ಕೆಯಿಲ್ಲದ, ಒಂದೇ ಭಂಗಿಯಲ್ಲಿ ಮೈಯನ್ನು ಹಿಂಡುವ ದುಡಿಮೆಗೂ, ದೇಹಕ್ಕೆ ಹಿತವಾಗುವ ವಿವಿಧ ಚಲನೆಗೂ ಇರುವ ಅಂತರವನ್ನು ಮರೆತರೆ ಈ ಅಧ್ಯಾಯವೆಲ್ಲ ಸೊಸೆಯರ ವಿರುದ್ಧದ ದೂರುಪತ್ರವಾಗಿ ಪರಿಣಮಿಸೀತು. ಮಿಕ್ಸಿಯೂ ಗ್ಯಾಸಿನ ಒಲೆಯೂ ನಲ್ಲಿಯೂ ಮನೆಯ ಹೆಂಗಸರಿಗೆ ದೊರೆತ ಬಿಡುಗಡೆ. ಆ ಬಿಡುಗಡೆಯೊಡನೆ ಕಾಲೂ ಸೊಂಟವೂ ಕೆಲಸ ಕಳೆದುಕೊಂಡವೆಂಬುದಷ್ಟೇ ನಮ್ಮ ಸಮಸ್ಯೆ.

ನಿತ್ಯಜೀವನದ ಚಲನೆಗೂ ಆಯುಸ್ಸಿಗೂ ನಂಟಿದೆಯೆಂಬ ವಿಚಾರವನ್ನು ವಿಜ್ಞಾನದ ಜಗಲಿಗೆ ಮೊದಲು ತಂದು ನಿಲ್ಲಿಸಿದವರು ಲಂಡನ್ನಿನ ಜೆರೆಮಿ ಮಾರಿಸ್. ಅಲ್ಲಿನ ಎರಡಂತಸ್ತಿನ ಬಸ್ಸುಗಳಲ್ಲಿ ಆಗ ಡ್ರೈವರನು ದಿನವಿಡೀ ಕುಳಿತಿರುತ್ತಿದ್ದನು. ಕಂಡಕ್ಟರನಾದರೋ ಟಿಕೇಟು ಹರಿಯುತ್ತ ದಿನಕ್ಕೆ ಸುಮಾರು 600 ಮೆಟ್ಟಿಲು ಹತ್ತಿಳಿಯುತ್ತಿದ್ದನು. 1953ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಒಂದೇ ಬಸ್ಸಿನ ಈ ಇಬ್ಬರ ಪೈಕಿ ಕಂಡಕ್ಟರನಿಗೆ ಹೃದ್ರೋಗ ಕಡಿಮೆಯೆಂದು ಕಂಡುಬಂತು. ಮಾರಿಸರು ಪರಿಶೀಲಿಸಿದ 31,000 ಮಂದಿಯೂ ಗಂಡಸರು. ಆ ಬಸ್ಸಿನಿಂದಿಳಿದು ಮನೆಗೆ ಹೋದ ಡ್ರೈವರನಿಗೆ ಅಡುಗೆ ಮಾಡಿ ಬಡಿಸಿದವಳು ದಿನಕ್ಕೆಷ್ಟು ಮೆಟ್ಟಿಲು ಹತ್ತಿದಳೆಂದು ಕೇಳುವುದು ಆ ಕಾಲದ ವಿಜ್ಞಾನಕ್ಕೆ ತೋಚಲಿಲ್ಲ. ಮನೆಗೆಲಸ ಕೆಲಸವಲ್ಲವೆಂಬ ಭಾವನೆ ಶಾಸ್ತ್ರಜ್ಞರನ್ನೂ ಬಿಟ್ಟಿರಲಿಲ್ಲ.

ಹಿರಿಯ ಹೆಂಗಸರ ಹೆಜ್ಜೆಗಳನ್ನು ಯಂತ್ರದಿಂದಲೇ ಎಣಿಸಿದ ದೊಡ್ಡ ಅಧ್ಯಯನಕ್ಕೆ 2019ರವರೆಗೂ ಕಾಯಬೇಕಾಯಿತು. ಹಾರ್ವರ್ಡಿನ ಐ-ಮಿನ್ ಲೀ ಹಾಗೂ ಸಂಗಡಿಗರು, ಸರಾಸರಿ 72 ವರ್ಷದ 16,741 ಅಮೆರಿಕದ ಮಹಿಳೆಯರ ಸೊಂಟಕ್ಕೆ ಒಂದು ವಾರ ಪುಟ್ಟ ಮಾಪಕವನ್ನು ಕಟ್ಟಿಸಿ, ಬಳಿಕ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಅವರ ಕ್ಷೇಮಸಮಾಚಾರವನ್ನು ಹಿಂಬಾಲಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆಯಿಡುತ್ತಿದ್ದವರೊಡನೆ ಹೋಲಿಸಿದಾಗ, ಸುಮಾರು 4,400 ಹೆಜ್ಜೆಯಿಡುತ್ತಿದ್ದವರಲ್ಲಿ ಮರಣದ ಸಂಭವ ಶೇಕಡಾ 41ರಷ್ಟು ಕಡಿಮೆಯಿತ್ತು; ಹೆಜ್ಜೆ ಹೆಚ್ಚಿದಂತೆ ಲಾಭವೂ ಏರುತ್ತ ಹೋಗಿ, 7,500ರ ಸುಮಾರಿಗೆ ಸಮತಟ್ಟಾಯಿತು. ನಡೆದ ಹೆಜ್ಜೆಗಳ ಮೊತ್ತವನ್ನು ಗಣನೆಗೆ ತೆಗೆದುಕೊಂಡ ಮೇಲೆ ನಡಿಗೆಯ ಬಿರುಸಿಗೆ ಅಷ್ಟೇನೂ ಬೆಲೆ ಉಳಿಯಲಿಲ್ಲ. ದಿನಕ್ಕೆ 10,000 ಹೆಜ್ಜೆ ಎಂಬ ಲೋಕಪ್ರಸಿದ್ಧ ಮಂತ್ರವಾದರೋ ಯಾವ ಪ್ರಯೋಗಶಾಲೆಯಲ್ಲಿಯೂ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಮಾರುಕಟ್ಟೆಗೆ ಬಿಟ್ಟ ಹೆಜ್ಜೆಮಾಪಕಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರಿಟ್ಟಿತು. ಹೆಸರು ಗುರಿಯಾಯಿತು, ಗುರಿ ಶಾಸ್ತ್ರವಾಯಿತು. ಈ ಸಂಖ್ಯೆಗೆ ಹೆದರಿ ಒಂದು ಹೆಜ್ಜೆಯನ್ನೂ ಇಡದೆ ಕುಳಿತವರೆಷ್ಟು ಮಂದಿಯೋ!

2,700ಕ್ಕೂ 4,400ಕ್ಕೂ ನಡುವಿನ ಅಂತರ 1,700 ಹೆಜ್ಜೆ. ಇದನ್ನು ಓದಿದ ದಿನ ನನಗೆ ಚಿಕ್ಕಮ್ಮನ ಊರಿನ ಅಶ್ವತ್ಥಕಟ್ಟೆಯ ನೆನಪಾಯಿತು. ಕಟ್ಟೆಯ ಸುತ್ತಳತೆ 30 ಅಡಿಯೆಂದಿಟ್ಟುಕೊಳ್ಳೋಣ. ಹರಕೆ ಹೊತ್ತವರು 108 ಪ್ರದಕ್ಷಿಣೆ ಬಂದರೆ 3,240 ಅಡಿ, ಎಂದರೆ ಒಂದು ಕಿಲೋಮೀಟರಿಗೆ ತುಸುವೇ ಕಡಿಮೆ. ವೃದ್ಧೆಯೊಬ್ಬಳ ಹೆಜ್ಜೆ ಅರ್ಧ ಮೀಟರಿನದಾದರೆ ಸುಮಾರು 2,000 ಹೆಜ್ಜೆಗಳಾದುವು. ಪುಣ್ಯದ ಲೆಕ್ಕ ನನಗೆ ತಿಳಿಯದು. ಹಾರ್ವರ್ಡಿನ ಲೆಕ್ಕದಲ್ಲಿ ಕೆಳಗಿನ ಗುಂಪಿನಿಂದ ಮೇಲಿನ ಗುಂಪಿಗೆ ದಾಟಲು ಅಷ್ಟು ಸಾಕು. ಹೀಗೆಂದು ಹಿರಿಯರು ಆರೋಗ್ಯಕ್ಕಾಗಿಯೇ ಪ್ರದಕ್ಷಿಣೆಯನ್ನು ವಿಧಿಸಿದರೆಂದು ಹೇಳಿ ಧರ್ಮಕ್ಕೂ ವಿಜ್ಞಾನಕ್ಕೂ ಬಲವಂತದ ಮದುವೆ ಮಾಡಿಸಲಾರೆ. ನನಗೆ ಮುಖ್ಯವಾಗಿ ತೋರುವುದು ಬೇರೊಂದು ಸಂಗತಿ: ‘ವಾಕಿಂಗ್ ಹೋಗಿ’ ಎಂದರೆ “ಈ ವಯಸ್ಸಿನಲ್ಲಿ ನನಗೆಂಥ ವಾಕಿಂಗು” ಎಂದು ನಾಚುವ ಹೆಂಗಸು, ಕಟ್ಟೆಯನ್ನು ಸುತ್ತುವುದಕ್ಕಾಗಲಿ ಭಜನಾಮಂಡಳಿಗೆ ನಡೆದು ಹೋಗುವುದಕ್ಕಾಗಲಿ ಯಾರ ಅಪ್ಪಣೆಯನ್ನೂ ಬೇಡುವುದಿಲ್ಲ. ಆಕೆಗೆ ಬೇಕಾದದ್ದು ಉಪದೇಶವಲ್ಲ. ಹೋಗಲು ಒಂದು ಸ್ಥಳ, ಹೋದಲ್ಲಿ ಒಂದು ಕಾರ್ಯ, ದಾರಿಯಲ್ಲಿ ಒಬ್ಬ ಜೊತೆಗಾತಿ.

ಸಣ್ಣ ನಡಿಗೆಗಳಿಂದ ದೇಹದೊಳಗೆ ಏನಾಗುವುದೆಂಬ ಪ್ರಶ್ನೆಗೆ ಎರಡು ಉತ್ತರಗಳನ್ನಾದರೂ ಕೊಡಬೇಕು. ಸಂಕುಚನಗೊಳ್ಳುವ ಸ್ನಾಯುವು ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾನೇ ಒಳಗೆ ಸೆಳೆದುಕೊಳ್ಳಬಲ್ಲುದು. 2013ರಲ್ಲಿ ಪ್ರಕಟವಾದ ಪುಟ್ಟ ಪ್ರಯೋಗವೊಂದರಲ್ಲಿ, ಅರುವತ್ತು ದಾಟಿದ ಹತ್ತು ಮಂದಿ ಪ್ರತಿ ಊಟದ ಬಳಿಕ 15 ನಿಮಿಷ ನಡೆದಾಗ, ಬೆಳಗ್ಗೆ ಒಟ್ಟಿಗೆ 45 ನಿಮಿಷ ನಡೆದಷ್ಟೇ ಅವರ ದಿನದ ಸಕ್ಕರೆಯ ಮಟ್ಟ ಸುಧಾರಿಸಿತು. ರಾತ್ರಿಯೂಟದ ಬಳಿಕವಂತೂ ಈ ಬಿಡಿ ನಡಿಗೆಯೇ ಮೇಲಾಯಿತು. ಉಂಡ ಮೇಲೆ ನೂರು ಹೆಜ್ಜೆಯಿಡುವ ನಮ್ಮ ರೂಢಿಗೆ ಒಂದು ಸಣ್ಣ ಸಾಕ್ಷ್ಯ ದೊರೆತಂತಾಯಿತು. ಎರಡನೆಯದು ಮಂಡಿಯ ವಿಷಯ. ಮಂಡಿ ನೋಯುವುದರಿಂದ ನಡೆಯಬಾರದೆಂಬುದು ಅನೇಕರ ದೃಢವಿಶ್ವಾಸ. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನಲ್ಲಿರುವ ದ್ರವವೇ ಅದರ ಆಹಾರ. ಭಾರ ಬಿದ್ದಾಗ ಹಿಂಡಿಕೊಂಡು, ಭಾರ ಇಳಿದಾಗ ಸ್ಪಂಜಿನಂತೆ ಹೀರಿಕೊಂಡು ಅದು ಬದುಕಬೇಕು. ಹೀಗಾಗಿ ಸವೆದ ಮಂಡಿಗೂ ಮಿತವಾದ ಚಲನೆ ಶತ್ರುವಲ್ಲ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಕೀಲಿಗೆ ಆಸರೆ. ಮಂಡಿ ಊದಿ ಕೆಂಪೇರಿದ್ದರೆ, ಎದೆ ಬಿಗಿಯುತ್ತಿದ್ದರೆ, ರಕ್ತದೊತ್ತಡದ ಮಾತ್ರೆಯಿಂದಾಗಿ ಎದ್ದೊಡನೆ ತಲೆ ಸುತ್ತುತ್ತಿದ್ದರೆ ಮೊದಲು ವೈದ್ಯರನ್ನು ಕಾಣತಕ್ಕದ್ದು.

ನಡಿಗೆ ಎಷ್ಟೇ ಒಳ್ಳೆಯದಾದರೂ ಅದೊಂದೇ ಸಾಲದು. ಎಡವಿದಾಗ ಬೀಳದಂತೆ ಮೈಯನ್ನು ಹಿಡಿದು ನಿಲ್ಲಿಸುವುದು ಚುರುಕಾಗಿ ಕೆಲಸ ಮಾಡುವ ಸ್ನಾಯುತಂತುಗಳು. ಮುಪ್ಪಿನಲ್ಲಿ ಹೆಚ್ಚಾಗಿ ಕ್ಷೀಣಿಸುವುವೂ ಅವೇ, ಮೆಲುನಡಿಗೆಯಲ್ಲಿ ಕೆಲಸವಿಲ್ಲದೆ ಉಳಿಯುವುವೂ ಅವೇ. ಇವನ್ನು ಎಬ್ಬಿಸಲು ಭಾರ ಬೇಕು. ತೊಂಬತ್ತರ ಪ್ರಾಯದಲ್ಲಿ ಭಾರವೆತ್ತಿಸುವುದು ಹುಚ್ಚುತನವೆಂದು ಎಲ್ಲರೂ ತಿಳಿದಿದ್ದಾಗ, ಬಾಸ್ಟನ್ನಿನ ಮರಿಯ ಫಿಯಟರೋನ್ ವೃದ್ಧಾಶ್ರಮದ ಹತ್ತು ಮಂದಿ ದುರ್ಬಲ ನಿವಾಸಿಗಳಿಗೆ ಎಂಟು ವಾರ ಕಾಲಿನಿಂದ ಭಾರವೆತ್ತಿಸಿದರು. 1990ರ ಅವರ ವರದಿಯಂತೆ ಕೊನೆಯವರೆಗೆ ಉಳಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತ್ತು. ಅಭ್ಯಾಸ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಅದರಲ್ಲಿ ಸುಮಾರು ಮೂರನೆಯ ಒಂದು ಪಾಲು ಇಳಿದುಹೋಯಿತೆಂಬುದನ್ನೂ ಹೇಳದಿದ್ದರೆ ಚಿತ್ರ ಪೂರ್ಣವಾಗದು. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ ಎಂಬತ್ತು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ 233 ಮಹಿಳೆಯರ ಮೇಲೆ ನಡೆದ ಪ್ರಯೋಗದ ವರದಿ 1997ರಲ್ಲಿ ಹೊರಬಂದಿತು. ಅರ್ಧದಷ್ಟು ಮಂದಿಗೆ ಫಿಸಿಯೋಥೆರಪಿಸ್ಟ್ ಒಬ್ಬರು ಮನೆಗೇ ಹೋಗಿ, ಬಲಕ್ಕೂ ಸಮತೋಲಕ್ಕೂ ಅವರವರ ಶಕ್ತಿಯಂತೆ ಸರಳ ಅಭ್ಯಾಸಗಳನ್ನು ಕಲಿಸಿಕೊಟ್ಟರು. ಉಳಿದರ್ಧಕ್ಕೆ ಅಷ್ಟೇ ಸಂಖ್ಯೆಯ ಔಪಚಾರಿಕ ಭೇಟಿಗಳು, ಕುಶಲಪ್ರಶ್ನೆ, ಮಾತುಕತೆ. ವರ್ಷದ ಕೊನೆಗೆ ಮಾತುಕತೆಯ ಗುಂಪಿನಲ್ಲಿ 152 ಬೀಳುವಿಕೆಗಳಾಗಿದ್ದರೆ, ಅಭ್ಯಾಸದ ಗುಂಪಿನಲ್ಲಿ 88. ನಮ್ಮ ಮನೆಗಳಲ್ಲಿ ವೃದ್ಧರಿಗೆ ದೊರೆಯುವುದು ಬಹುತೇಕ ಎರಡನೆಯ ಬಗೆಯ ಭೇಟಿಯೇ.

ಆದರೆ ಕಾಲಿಗೆ ತೂಕ ಕಟ್ಟಿಕೊಂಡು ವಾರಕ್ಕೆ ಮೂರು ದಿನ ಅಭ್ಯಾಸ ಮಾಡುವ ಶಿಸ್ತು ಎಲ್ಲರಿಗೂ ಒಗ್ಗದು. ಸಿಡ್ನಿಯ ಲಿಂಡಿ ಕ್ಲೆಮ್ಸನ್ ಇದನ್ನು ಮನಗಂಡು, ಅಭ್ಯಾಸಕ್ಕೆ ಪ್ರತ್ಯೇಕ ವೇಳೆಯನ್ನೇ ಇಡದೆ ಅದನ್ನು ನಿತ್ಯಕರ್ಮದಲ್ಲಿ ಹೊಸೆದರು. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದು, ಕೆಳಗಿನ ವಸ್ತುವನ್ನು ಬೆನ್ನು ಬಗ್ಗಿಸಿ ಎತ್ತುವ ಬದಲು ಮಂಡಿ ಬಗ್ಗಿಸಿ ಎತ್ತುವುದು ಇತ್ಯಾದಿ. ಒಮ್ಮೆಯಾದರೂ ಬಿದ್ದು ಪೆಟ್ಟಾದ ಇಲ್ಲವೆ ಮತ್ತೆ ಮತ್ತೆ ಬಿದ್ದ, 70 ದಾಟಿದ 317 ಮಂದಿಯನ್ನು ಒಳಗೊಂಡ ಅವರ 2012ರ ಅಧ್ಯಯನದಲ್ಲಿ, ಈ ಕ್ರಮವನ್ನನುಸರಿಸಿದವರು ಬೀಳುವ ಪ್ರಮಾಣ ಶೇಕಡಾ 31ರಷ್ಟು ತಗ್ಗಿತು. ಚಿಕ್ಕಮ್ಮನ ಮನೆಯಲ್ಲಿ ಇದಕ್ಕೆ ಕುಕ್ಕರ್ ಒದಗಿತು. ಅನ್ನಕ್ಕೆ ಮೂರು ಸೀಟಿ. ಮೊದಲ ಸೀಟಿಯಿಂದ ಮೂರನೆಯ ಸೀಟಿಯವರೆಗೆ ಅಡುಗೆಕಟ್ಟೆಯನ್ನು ಎರಡು ಬೆರಳಿನಿಂದ ಹಿಡಿದು ತುದಿಗಾಲಲ್ಲಿ ಏಳುವುದು, ಇಳಿಯುವುದು. ಗಡಿಯಾರ ನೋಡಬೇಕಾಗಿಲ್ಲ, ನೆನಪಿಡಬೇಕಾಗಿಲ್ಲ, ಸೀಟಿಯೇ ಕರೆಯುತ್ತದೆ.

ಹೊರಗೆ ಹೋಗುವ ಮಾತು ಬಂದಾಗ ವಿಷಯ ಇಷ್ಟು ಸರಳವಲ್ಲ. ಭಾರತದಲ್ಲಿ ಅಗತ್ಯವಿದ್ದಷ್ಟು ದೈಹಿಕ ಚಟುವಟಿಕೆಯಿಲ್ಲದ ವಯಸ್ಕ ಸ್ತ್ರೀಯರು ಶೇಕಡಾ 57, ಪುರುಷರು ಶೇಕಡಾ 42 ಎಂದು 2022ನೆಯ ಇಸವಿಯ ಒಂದು ಅಂದಾಜು. ಈ ಅಂತರವನ್ನು ಸೋಮಾರಿತನವೆಂದು ಬಗೆಯುವವರು ನಮ್ಮ ಕಾಲುದಾರಿಗಳ ಮೇಲೆ ಸೀರೆಯ ನೆರಿಗೆಯನ್ನು ಹಿಡಿದುಕೊಂಡು ಒಂದು ಫರ್ಲಾಂಗು ನಡೆದು ನೋಡಬೇಕು: ಎದ್ದ ಚಪ್ಪಡಿ, ನಿಲ್ಲಿಸಿದ ಸ್ಕೂಟರು, ಬೀದಿನಾಯಿ, ಸವೆದ ಹವಾಯಿ ಚಪ್ಪಲಿ. ಇವೆಲ್ಲಕ್ಕಿಂತಲೂ ದೊಡ್ಡದಾದ, ಯಾರೂ ಬಾಯಿಬಿಟ್ಟು ಹೇಳದ ಅಡ್ಡಿಯೊಂದಿದೆ. ಹೆರಿಗೆಗಳಿಂದಲೂ ವಯಸ್ಸಿನಿಂದಲೂ ಸಡಿಲಗೊಂಡ ದೇಹದಲ್ಲಿ ಕೆಮ್ಮಿದರೆ, ನಕ್ಕರೆ, ಬೇಗ ನಡೆದರೆ ಮೂತ್ರ ಜಿನುಗುವ ತೊಂದರೆ ಬಹಳ ಹೆಂಗಸರಿಗಿದೆ. ದಾರಿಯಲ್ಲಿ ಶೌಚಾಲಯವಿಲ್ಲದ ಊರಿನಲ್ಲಿ ಆಕೆ ‘ಮಂಡಿನೋವು’ ಎಂಬ ಗೌರವಸ್ಥ ನೆಪವನ್ನು ಹೇಳಿ ಮನೆಯಲ್ಲೇ ಉಳಿಯುತ್ತಾಳೆ. ಇದಕ್ಕೆ ಅಮೆರಿಕದ ಸ್ತ್ರೀರೋಗತಜ್ಞ ಆರ್ನಲ್ಡ್ ಕೆಗಲ್ 1948ರಷ್ಟು ಹಿಂದೆಯೇ ಉಪಾಯವನ್ನು ಪ್ರಕಟಿಸಿದ್ದರು. ಮೂತ್ರವನ್ನು ತಡೆಹಿಡಿಯಲು ಬಿಗಿಯುವ ಸ್ನಾಯುಗಳನ್ನು ಕುಳಿತಲ್ಲಿಯೇ ಬಿಗಿದು ಸಡಿಲಿಸುವ ಆ ಅಭ್ಯಾಸವನ್ನು ಕೆಲವು ತಿಂಗಳು ತಪ್ಪದೆ ನಡೆಸಿದರೆ ಬಹುಮಂದಿಗೆ ಗುಣ ಕಾಣುತ್ತದೆ. ಎಪ್ಪತ್ತೈದು ವರ್ಷಗಳಿಗೂ ಹಳೆಯದಾದ ಈ ವಿದ್ಯೆಯನ್ನು ನಮ್ಮ ಅಮ್ಮಂದಿರಿಗೆ ಹೇಳಿಕೊಟ್ಟವರಾರು? ಗಂಡುಮಕ್ಕಳು ಕೇಳರು, ಹೆಂಗಸರು ಹೇಳರು. ಅವಸರದಲ್ಲಿರುವ ವೈದ್ಯರು ಮಂಡಿಗೆ ಮಾತ್ರೆ ಬರೆಯುತ್ತಾರೆ.

ಚಿಕ್ಕಮ್ಮನ ಮನೆಯಲ್ಲಿ ಬದಲಾವಣೆಯನ್ನು ತಂದವಳು ಆ ಸೊಸೆಯೇ. ಅವಳು ಯಾವ ವ್ಯಾಯಾಮದ ಪಟ್ಟಿಯನ್ನೂ ಗೋಡೆಗೆ ಅಂಟಿಸಲಿಲ್ಲ. ಬಾಲ್ಕನಿಯ ಒಂಬತ್ತು ಕುಂಡಗಳನ್ನು ಅತ್ತೆಯ ವಶಕ್ಕೆ ಬಿಟ್ಟಳು. ಬಾಲ್ಕನಿಯಲ್ಲಿ ನಲ್ಲಿಯಿಲ್ಲವಾದ್ದರಿಂದ ಸಣ್ಣ ತಂಬಿಗೆಯಲ್ಲಿ ನೀರನ್ನು ಬಚ್ಚಲಿನಿಂದಲೇ ತರಬೇಕು. ಸೋಫಾದ ಪಕ್ಕದಲ್ಲಿ ಎತ್ತರವಾದ, ಗಟ್ಟಿಯಾದ ಮರದ ಕುರ್ಚಿಯೊಂದು ಬಂದಿತು. ಅದರಿಂದ ಕೈಯೂರದೆ ಏಳುವ ಅಭ್ಯಾಸ ಮೊದಲು ದಿನಕ್ಕೆ ನಾಲ್ಕು ಬಾರಿ, ತಿಂಗಳು ಕಳೆದ ಮೇಲೆ ಹತ್ತು ಬಾರಿ. ಬಚ್ಚಲಿನ ಗೋಡೆಗೆ ಹಿಡಿಕಂಬಿ, ಕಾಲಿಗೆ ಹಿಂಬದಿಯಲ್ಲಿ ಪಟ್ಟಿಯಿರುವ ಚಪ್ಪಲಿ. ಮೊಸರು ತರಲು ಕೆಳಗಿನ ಅಂಗಡಿಗೆ ಹೋಗುವ ಕೆಲಸವೂ ಅವರದಾಯಿತು. ಅಂಗಡಿಯವನು ಶಿವಮೊಗ್ಗದ ಕಡೆಯವನಾದದ್ದು ದೈವಕೃಪೆ, ಏಕೆಂದರೆ ಐದು ನಿಮಿಷದ ಕೆಲಸ ಅಡಕೆಯ ಧಾರಣೆಯ ದೆಸೆಯಿಂದ ನಲವತ್ತು ನಿಮಿಷವಾಗುತ್ತಿತ್ತು. ಸೊಸೆಗೆ ಇದೆಲ್ಲ ಸುಲಭವಾಗಿರಲಿಲ್ಲ. ಅತ್ತೆ ತಂಬಿಗೆ ಹಿಡಿದು ಓಡಾಡುವುದನ್ನು ಕಂಡ ಪಕ್ಕದ ಮನೆಯಾಕೆ ಏನೆಂದುಕೊಂಡಾಳೋ ಎಂಬ ಅಳುಕು ಅವಳಿಗೆ ಬಹುದಿನ ಇತ್ತೆಂದು ಅವಳೇ ನನ್ನೊಡನೆ ಹೇಳಿಕೊಂಡಳು.

ಕಳೆದ ದೀಪಾವಳಿಯ ಮರುವಾರ ನಾನು ಮತ್ತೆ ಅಲ್ಲಿಗೆ ಹೋಗಿದ್ದೆ. ಮಾತಿನ ನಡುವೆ ನನಗೆ ಮಜ್ಜಿಗೆ ಬೇಕೆನಿಸಿ, ತಂದುಕೊಳ್ಳೋಣವೆಂದು ಸೋಫಾದ ಅಂಚಿಗೆ ಸರಿದು, ಎರಡೂ ಕೈಯೂರಿ ಏಳಹೊರಟೆ. ಚಿಕ್ಕಮ್ಮ ಅಷ್ಟರಲ್ಲಿ ಮರದ ಕುರ್ಚಿಯಿಂದ ಎದ್ದಾಗಿತ್ತು. “ನೀ ಕೂತ್ಕೊ ಮಾರಾಯ, ನಿಂಗೂ ಅರವತ್ಮೂರಾಯ್ತು” ಎಂದು ಹೇಳಿ ಅಡುಗೆಮನೆಯ ಕಡೆಗೆ ನಡೆದರು. ನಾನು ಕುಳಿತೆ.